ಜಿರಾಫೆಗೆ ನೆಗಡಿ

ಮಕ್ಕಳಿಗೆ ಶಾಸ್ತ್ರೀಯ ಸಂಗೀತ ಹೇಗೆ ಕೇಳಿಸಬೇಕು ಎಂದು ಹೇಳಿಕೊಡಲು ನಮ್ಮ ಸಂಗೀತ ಭವನದವರು ಒಬ್ಬ ಮೇಡಂ ಅವರನ್ನು ನೇಮಿಸಿಕೊಂಡಿದ್ದರು. ಅವರಿಗೆ ಸಂಗೀತ ಗೊತ್ತಿರಲಿಲ್ಲ. ಮಕ್ಕಳೂ ಅಷ್ಟಾಗಿ ಗೊತ್ತಿರಲಿಲ್ಲ. ಎರಡರ ನಡುವೆ ಏನೇನು ತುರುಕಬೇಕು ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅವರ ಕೈಚೀಲದಲ್ಲಿ ಸದಾ ಒಂದು ಗಿಲಕಿ ಇರುತ್ತಿತ್ತು. ಕೂಸುಗಳ ಮುಂದೆ ಆಡಿಸುವಂಥದ್ದಲ್ಲ, ಅದರ ಅಜ್ಜನಂಥದ್ದು. ಮಕ್ಕಳ ಗಮನ ನಲವತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಅವರು ಎಲ್ಲೋ ಓದಿದ್ದರು. ಹಾಗಾಗಿ ಕಚೇರಿ ನಡೆಯುವಾಗ ವೇದಿಕೆಯ ಪಕ್ಕದಲ್ಲಿ ನಿಂತು, ಗಡಿಯಾರ ನೋಡಿಕೊಂಡು, ನಲವತ್ತು ಸೆಕೆಂಡಿಗೊಮ್ಮೆ ಗಿಲಕಿ ಆಡಿಸುತ್ತಿದ್ದರು. ಸದ್ದಿಗೆ ಮಕ್ಕಳು ನುಡಿಸುವವರನ್ನು ಬಿಟ್ಟು ಮೇಡಂ ಕಡೆ ತಿರುಗುತ್ತಿದ್ದವು. "ನೋಡಿ, ಗಮನ ಬಂತು," ಎನ್ನುತ್ತಿದ್ದರು. ವಾದ್ಯಗಾರರೆಲ್ಲ ಸೇರಿ ಅವರಿಗೆ ಗಿಲಕಿ ಮೇಡಂ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿದ್ದಿತ್ತು. ಪ್ರೀತಿಯಿಂದ ಇಟ್ಟದ್ದು ಎಂದುಕೊಂಡಿದ್ದರು.

ಅವರ ಪ್ರಕಾರ ಪ್ರತಿ ವಾದ್ಯವೂ ಒಂದು ಪ್ರಾಣಿ ಆಗಬೇಕು. ಕೊಳಲಿನವನಿಗೆ ರಟ್ಟಿನ ಕೊಕ್ಕು ಮಾಡಿಸಿದರು. ಕೊಕ್ಕು ಕಟ್ಟಿಕೊಂಡು ಊದುವುದು ಹೇಗೆ ಎಂದು ಅವನು ಕೇಳಿದ. ಹಣೆಗೆ ಕಟ್ಟಿಕೊಳ್ಳಿ ಎಂದರು. ಹಣೆಯಲ್ಲಿ ಕೊಕ್ಕಿರುವ ಹಕ್ಕಿಯನ್ನು ನೋಡಿ ಮಕ್ಕಳು ನಕ್ಕವು. ಮೇಡಂ ತಮ್ಮ ಪುಸ್ತಕದಲ್ಲಿ 'ನಗು, ಹನ್ನೆರಡು ಸೆಕೆಂಡು' ಎಂದು ಬರೆದುಕೊಂಡರು. ಕಚೇರಿ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಚೀಟಿ ಆರಿಸಿಕೊಳ್ಳಲು ಕೊಡುತ್ತಿದ್ದರು: ಒಂದರಲ್ಲಿ ನಗುವ ಮುಖ, ಇನ್ನೊಂದರಲ್ಲಿ ಇನ್ನೂ ಹೆಚ್ಚು ನಗುವ ಮುಖ. ಅಳುಮುಖದ ಚೀಟಿಯನ್ನು ಅಚ್ಚು ಹಾಕಿಸಲೇ ಇಲ್ಲ. ಹಾಗಾಗಿ ಎರಡು ವರ್ಷದಿಂದ ಒಂದು ಮಗುವಿಗೂ ಬೇಸರವಾಗಿರಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಮೇಡಂ ಕೆಟ್ಟವರಲ್ಲ. ಮೆಟ್ಟಿಲಲ್ಲಿ ಎಡವಿ ಬಿದ್ದ ಮಗುವನ್ನು ಎತ್ತಿಕೊಂಡು, ಸೀರೆಗೆ ರಕ್ತ ಆದರೂ ಲೆಕ್ಕಿಸದೆ, ತೊಳೆದು ಪಟ್ಟಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ಮಕ್ಕಳಿಗೆ ಮೊಣಕಾಲಿದೆ ಎನ್ನುವುದು ಅವರಿಗೆ ಗೊತ್ತು. ಕಿವಿ ಇದೆ ಎನ್ನುವುದನ್ನು ಮಾತ್ರ ನಂಬಲಾರರು.

ನಾನು ಭವನದ ಹಿಂದಿನ ಬೀದಿಯಲ್ಲಿ ತಂತಿವಾದ್ಯ ರಿಪೇರಿ ಮಾಡುವವನು. ನನ್ನ ಅಕ್ಕ ಅದೇ ಭವನದಲ್ಲಿ ಚೆಲ್ಲೋ ನುಡಿಸುತ್ತಾಳೆ. ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಣ್ಣ. ಕುರ್ಚಿಯ ಮೇಲೆ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ಅಕ್ಕನ ಚೆಲ್ಲೋಗೆ ನೂರು ವರ್ಷದ ಮೇಲಾಗಿದೆ. ಮೈಯ ಮೆರುಗು ಅಲ್ಲಲ್ಲಿ ಬೋಳಾಗಿದೆ, ಎದೆಗೆ ಒರಗುವ ಅಂಚು ಸವೆದು ಮರ ಕಾಣುತ್ತದೆ, ಹೊಟ್ಟೆಯ ಮೇಲೆ ಎರಡು ಹಳೆಯ ಬಿರುಕು. ಆ ಬಿರುಕುಗಳನ್ನು ಮುಚ್ಚಿದವನು ನಾನೇ. ನೋಡಲು ಗುಜರಿ ಅಂಗಡಿಯ ಮಾಲು. ಕಮಾನು ಎಳೆದರೆ ಮಾತ್ರ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡುವ ಹಿರಿಯರೊಬ್ಬರು ಎದ್ದು ಬಂದ ಹಾಗಿರುತ್ತದೆ. ಅಕ್ಕ ಅದನ್ನು ಇಪ್ಪತ್ತಾರನೇ ವಯಸ್ಸಿನಿಂದ ನುಡಿಸುತ್ತಿದ್ದಾಳೆ. ಈಗ ಅವಳಿಗೆ ಐವತ್ತೆಂಟು.

ಹೋದ ವರ್ಷ ಮೇಡಂಗೆ ಹೊಸ ಯೋಚನೆ ಬಂತು. ಕಚೇರಿಯ ಕೊನೆಯಲ್ಲಿ ಮಕ್ಕಳು ಬಂದು ವಾದ್ಯ ಮುಟ್ಟಿ ನೋಡಲಿ ಎಂದು ಒಂದು ಮೂಲೆ ಮಾಡಿದರು. ಅದಕ್ಕಾಗಿ ಕಾರ್ಖಾನೆಯಲ್ಲಿ ಮಾಡಿದ ಮೂರು ಚೆಲ್ಲೋ ತರಿಸಿದರು. ಪ್ಲೈವುಡ್ಡಿನವು, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗೆ ಫಳಫಳ. ಮುಟ್ಟಿ ನೋಡುವುದು ಒಳ್ಳೆಯದೇ. ಆ ಮಟ್ಟಿಗೆ ನಾನೂ ತಲೆದೂಗಿದೆ. ಆದರೆ ಮೂಗಿಗಿಂತ ಮೂಗುತಿ ಭಾರ ಆಗದಿದ್ದರೆ ಮೇಡಂಗೆ ಸಮಾಧಾನವಿಲ್ಲ. ಒಂದು ಚೆಲ್ಲೋ ಜಿರಾಫೆ ಆಗಬೇಕು, ಕುತ್ತಿಗೆ ಹೇಗೂ ಉದ್ದವಿದೆ, ಎಂದರು. ಭವನದ ಪರದೆಗಳಿಗೆ ಬಣ್ಣ ಹಚ್ಚುವ ಪೇಂಟರನ್ನು ಕರೆಸಿದರು.

ಅದು ಶನಿವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆ ಮಕ್ಕಳ ಕಚೇರಿ. ಅಭ್ಯಾಸ ಮುಗಿಸಿದ ಅಕ್ಕ, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಚೆಲ್ಲೋವನ್ನು ಭವನದ ವಾದ್ಯದ ಕೋಣೆಯಲ್ಲೇ ಬಿಟ್ಟು ಹೋಗಿದ್ದಳು. ಸಂಜೆ ನಾಲ್ಕಕ್ಕೆ ನನಗೆ ಭವನದಿಂದ ಅವಳ ಫೋನು ಬಂತು.

"ಲೋ, ಬಾರೋ."

"ಹಲ್ಲು ಕಿತ್ತರಾ?"

"ಮಾತಾಡಬೇಡ, ಬಾ."

ಹೋದೆ. ಗೋಡೆಗೆ ಒರಗಿ ನಾಲ್ಕು ಚೆಲ್ಲೋ ನಿಂತಿದ್ದವು. ಮೂರು ಬೆಲ್ಲದ ಪಾಕದವು. ನಾಲ್ಕನೆಯದು ಹಳದಿ, ಅದರ ಮೇಲೆ ಅಂಗೈ ಅಗಲದ ಕಂದು ಮಚ್ಚೆಗಳು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನೂ ಬಿಟ್ಟಿರಲಿಲ್ಲ, ಅದಕ್ಕೂ ಬಣ್ಣ. ಮೈಮೇಲಿನ ಎರಡು ಸೀಳುಗಂಡಿಗಳಿಗೆ ರೆಪ್ಪೆ ಬರೆದು ಕಣ್ಣು ಮಾಡಿದ್ದರು. ಪೇಂಟರ್ ಬ್ರಷ್ ತೊಳೆಯುತ್ತ ನಿಂತಿದ್ದ.

"ಹಳೇದಕ್ಕೆ ಹಚ್ಚು ಅಂದ್ರು ಸಾರ್," ಎಂದ. "ನಾಲ್ಕರಲ್ಲಿ ಹಳೇದು ಇದೊಂದೇ ಇತ್ತು."

ಅವನದೇನೂ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಜಿರಾಫೆ ಚೆನ್ನಾಗಿಯೇ ಬಂದಿತ್ತು.

"ಅಯ್ಯೋ, ಇದು ನಿಮ್ದಾ?" ಎಂದರು ಗಿಲಕಿ ಮೇಡಂ ಅಕ್ಕನಿಗೆ. "ಇಷ್ಟು ಸವೆದುಹೋಗಿದೆಯಲ್ಲ, ಯಾರೋ ದಾನ ಕೊಟ್ಟಿದ್ದು ಅಂದ್ಕೊಂಡೆ. ಹೊಸದಕ್ಕೆ ಯಾಕೆ ಬಣ್ಣ ಹಾಳು ಅಂತ ನಾನೇ ತೋರಿಸಿದ್ದು."

"ಎರಡು ವರ್ಷದಿಂದ ನೋಡ್ತಿದೀರಲ್ಲ ಮೇಡಂ, ನಾನು ಇದನ್ನೇ ನುಡಿಸೋದು."

"ನಾನು ಮಕ್ಕಳ ಮುಖ ನೋಡ್ತಿರ್ತೀನಿ. ನಿಮ್ಮ ಕಡೆ ನೋಡೋಕೆ ಪುರುಸೊತ್ತೆಲ್ಲಿ?"

ಮ್ಯಾನೇಜರ್ ಬಂದರು. ಅವರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನುರಿತವರು. "ಆಗಬಾರದಿತ್ತು," ಎಂದರು. "ಆದ್ರೆ ಆಗಿಹೋಗಿದೆ. ಮೇಡಂ ಉದ್ದೇಶ ಒಳ್ಳೇದೇ. ನಿಮ್ಮ ಬೇಜಾರೂ ಸರಿಯಾದದ್ದೇ."

"ಒಂದ್ ನಿಮಿಷ ಎಲ್ಲರೂ ಬಾಯಿ ಮುಚ್ಕೊಳ್ಳಿ," ಎಂದಳು ಅಕ್ಕ. ಕುರ್ಚಿ ಎಳೆದು ಕೂತಳು, ಜಿರಾಫೆಯನ್ನು ಎದೆಗೆ ಒರಗಿಸಿಕೊಂಡಳು, ಕಮಾನನ್ನು ಒಂದೇ ಸಲ ಉದ್ದಕ್ಕೆ ಎಳೆದಳು. ಕಂಬಳಿ ಹೊದ್ದುಕೊಂಡವರು ಒಳಗಿಂದ ಮಾತಾಡಿದ ಹಾಗೆ ಕೇಳಿಸಿತು.

"ಕೇಳಿಸ್ತೇನೋ?"

"ಕೇಳಿಸ್ತು ಅಕ್ಕ."

"ತೆಗೆಯೋಕಾಗುತ್ತಾ?"

"ಬಣ್ಣ ತೆಗೀಬಹುದು."

"ನಾನು ಬಣ್ಣದ ವಿಷಯ ಕೇಳ್ಲಿಲ್ಲ."

ನಾನು ಬಾಗಿ ಕುದುರೆಯ ಬುಡ ನೋಡಿದೆ. ಅವಳೇ ಹೇಳಿದಳು: "ನೋಡು, ಈ ವಯಸ್ಸಲ್ಲಿ ಇನ್ನೊಂದರ ಜೊತೆ ಹೊಸದಾಗಿ ಸಂಸಾರ ಹೂಡೋಕಾಗಲ್ಲ ನನಗೆ. ಇದರ ದನಿ ವಾಪಸ್ ಬಂದ್ರೆ ಬಂತು. ಇಲ್ಲದಿದ್ರೆ ಕಮಾನು ಕೆಳಗಿಡ್ತೀನಿ. ಬೆದರಿಕೆ ಅಲ್ಲ ಕಣೋ, ಇರೋ ವಿಷಯ ಹೇಳ್ತಿದೀನಿ."

"ಅಷ್ಟೆಲ್ಲ ಯಾಕೆ ಯೋಚನೆ?" ಎಂದರು ಮೇಡಂ. "ಬಣ್ಣ ಒಣಗಿದೆ, ನಾಳೆ ಧಾರಾಳವಾಗಿ ನುಡಿಸಬಹುದು. ಎಷ್ಟು ಮುದ್ದಾಗಿದೆ ನೋಡಿ!"

ಬೇರೆ ದಾರಿಯಿಲ್ಲದೆ ಮರುದಿನ ಅಕ್ಕ ಜಿರಾಫೆಯನ್ನೇ ನುಡಿಸಿದಳು. ಪ್ಲೈವುಡ್ಡಿನ ಮೂರಕ್ಕಿಂತ ಕಂಬಳಿ ಹೊದ್ದ ಇದೇ ವಾಸಿಯಾಗಿತ್ತು. ಮುನ್ನೂರು ಮಕ್ಕಳು. ಗಿಲಕಿ ತನ್ನ ಹೊತ್ತಿಗೆ ಸರಿಯಾಗಿ ಆಡುತ್ತಿತ್ತು. ಆರು ನಿಮಿಷದ ರಚನೆಯನ್ನು ಮೇಡಂ ಮೊದಲೇ ಎರಡು ನಿಮಿಷಕ್ಕೆ ಕತ್ತರಿಸಿದ್ದರು. ಆ ಎರಡರಲ್ಲಿ ಮೂರು ಸಲ ಗಿಲಕಿ. ಮುಗಿದ ಕೂಡಲೆ ಅವರು ಮೈಕು ಹಿಡಿದು ಕೂಗಿದರು:

"ಮಕ್ಕಳೇ, ಜಿರಾಫೆ ಹೇಗಿದೇ?"

"ಚೆನ್ನಾಗಿದೇ!"

"ಕೇಳಿಸ್ಲಿಲ್ಲ! ಇನ್ನೂ ಜೋರಾಗಿ!"

"ಚೆನ್ನಾಗಿದೇ!"

ಮುಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಆರೋ ಏಳೋ ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. "ಅದಕ್ಕೆ ನೆಗಡಿ ಆಗಿದೆ," ಎಂದಳು.

ಸಭೆಯೆಲ್ಲ ನಕ್ಕಿತು. ಮೇಡಂಗೆ ಖುಷಿಯೋ ಖುಷಿ. "ಜಿರಾಫೆಗೆ ನೆಗಡಿಯಂತೆ! ಎಲ್ಲರೂ ಸೇರಿ ಸೀನೋಣ್ವಾ?" ಮುನ್ನೂರು ಮಕ್ಕಳು ಸೀನಿದವು. ಆ ಹುಡುಗಿ ಸೀನಲಿಲ್ಲ. "ಹೋದ ಸಲ ಆಗಿರ್ಲಿಲ್ಲ," ಎಂದು ಹೇಳಿ ಕೂತುಕೊಂಡಳು. ಅದು ಮೈಕಿಗೆ ಸಿಗಲಿಲ್ಲ. ಅಕ್ಕನಿಗೆ ಸಿಕ್ಕಿತು, ಪಕ್ಕದ ಪರದೆಯ ಹಿಂದೆ ನಿಂತಿದ್ದ ನನಗೂ ಸಿಕ್ಕಿತು.

ಮುಂದಿನ ಮಕ್ಕಳ ಕಚೇರಿಗೆ ಎರಡು ತಿಂಗಳಿತ್ತು. ಚೆಲ್ಲೋ ನನ್ನ ಅಂಗಡಿಗೆ ಬಂತು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಬಳಿ ಹಾಸಿ ಮಲಗಿಸಿದೆ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಾಯಲ್ಲಿ ಒದ್ದೆ ಮಾಡಿ, ಉಗುರಿನಷ್ಟು ಜಾಗ ಒರೆಸುವುದು; ಹತ್ತಿ ಬಿಸಾಡಿ ಇನ್ನೊಂದು ಸುತ್ತುವುದು. ಅವಸರ ಮಾಡಿದರೆ ಬಣ್ಣದ ಜೊತೆ ನೂರು ವರ್ಷದ ಮೆರುಗೂ ಎದ್ದು ಬರುತ್ತದೆ. ದಿನಕ್ಕೆ ಒಂದು ಮಚ್ಚೆ ಹೋದರೆ ಹೆಚ್ಚು. ಅಕ್ಕ ದಿನವೂ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು: "ಎಷ್ಟು ಮಚ್ಚೆ ಉಳಿದಿದೆ?" ಒಳಗೆ ಬಂದು ಮುಟ್ಟುತ್ತಿರಲಿಲ್ಲ. ಬೇರೆ ಕಚೇರಿಗಳಿಗೆ ರಜೆ ಹಾಕಿದ್ದಳು. ಅವಳ ಎಡಗೈ ಬೆರಳುಗಳ ಜಡ್ಡು ಮೆತ್ತಗಾಗುತ್ತಿರುವುದನ್ನು ನಾನು ನೋಡಿದೆ.

ಮೂರನೇ ವಾರ ಗಿಲಕಿ ಮೇಡಂ ಅಂಗಡಿಗೆ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ಪೋಸ್ಟರು. ಬಿಚ್ಚಿ ತೋರಿಸಿದರು: ಅಕ್ಕನ ಮುಖ ಅರ್ಧ, ಜಿರಾಫೆ ಪೂರ್ತಿ.

"ಮಾಸ್ಟರ್, ಜಿರಾಫೆ ಎಲ್ಲಿ?"

"ಹೊಟ್ಟೆ ಹೋಗಿದೆ. ಕುತ್ತಿಗೆ ಉಳಿದಿದೆ."

"ಅಯ್ಯೋ, ಯಾಕೆ ತೆಗೆದ್ರಿ? ಊರೆಲ್ಲ ಪೋಸ್ಟರ್ ಅಂಟಿಸಿಯಾಯ್ತು! ಹೋಗ್ಲಿ, ಬೆನ್ನಿನ ಕಡೆಗಾದ್ರೂ..." ಅಷ್ಟರಲ್ಲಿ ನಾನು ಹತ್ತಿಯನ್ನು ಬಾಯಿಗಿಟ್ಟುಕೊಂಡೆ. "ಛೀ! ಉಗುಳಾ ಅದು?"

"ಇದಕ್ಕೆ ಅದಕ್ಕಿಂತ ಒಳ್ಳೇ ಮದ್ದಿಲ್ಲ. ನೀರು ಹಾಕಿದ್ರೆ ಮರ ಕುಡಿದುಬಿಡುತ್ತೆ, ಸ್ಪಿರಿಟ್ ಹಾಕಿದ್ರೆ ಚರ್ಮ ಸುಲಿಯುತ್ತೆ."

"ದಿನವಿಡೀ ಬಾಯಿ ಒಣಗಲ್ವಾ?"

"ನಿಮ್ಮನ್ನ ನೆನೆಸ್ಕೊಂಡ್ರೆ ಸಾಕು ಮೇಡಂ, ಉಗುಳು ತಾನಾಗೇ ಬರುತ್ತೆ."

ಅವರಿಗೆ ಅದು ನಾಟಲಿಲ್ಲ. ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ ಪೋಸ್ಟರನ್ನೇ ನೋಡುತ್ತಿದ್ದರು. ನನಗೂ ಪಾಪ ಅನ್ನಿಸಿತು. "ಒಂದು ಕೆಲಸ ಮಾಡಿ," ಎಂದೆ, "ಆ ಪ್ಲೈವುಡ್ಡಿನ ಮೂರಿವೆಯಲ್ಲ, ಅದರಲ್ಲೊಂದಕ್ಕೆ ಜಿರಾಫೆ ಬರೆಸಿ. ಬಾಗಿಲಲ್ಲಿ ನಿಲ್ಲಿಸಿ. ಮಕ್ಕಳು ಮುಟ್ಟಲಿ, ಅಪ್ಪ ಅಮ್ಮಂದಿರು ಫೋಟೊ ತೆಗೀಲಿ."

ಮೇಡಂ ಗಾಬರಿಯಾದರು. "ಅದು ಹೊಸದು ಮಾಸ್ಟರ್! ಹಾಳಾಗಲ್ವಾ?"

ನಾನು ಹತ್ತಿ ಸುತ್ತುವ ಕೆಲಸಕ್ಕೆ ತಿರುಗಿದೆ.

ಏಳನೇ ವಾರಕ್ಕೆ ಮೈ ಶುದ್ಧವಾಯಿತು. ಎದೆಗೆ ಒರಗುವ ಅಂಚಿನಲ್ಲಿ, ಬರೀ ಮರವಿದ್ದ ಕಡೆ, ಹಳದಿ ಒಳಕ್ಕೆ ಇಳಿದುಬಿಟ್ಟಿತ್ತು. ಅದು ಇನ್ನು ಹೋಗುವಂಥದ್ದಲ್ಲ. ಬಣ್ಣ ಕುದುರೆಯ ಕಾಲಿನಡಿಗೂ ಹೋಗಿದ್ದರಿಂದ ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಕಾಗಿ ಬಂದಿತ್ತು. ಹಾಗೆ ಬಿಚ್ಚಿದರೆ ಒಳಗಿರುವ ಕಡ್ಡಿ ಬಿದ್ದುಹೋಗುತ್ತದೆ. ಚೆಲ್ಲೋದ ಹೊಟ್ಟೆಗೂ ಬೆನ್ನಿಗೂ ನಡುವೆ ಕಿರುಬೆರಳು ಗಾತ್ರದ ಒಂದು ಕಡ್ಡಿ ನಿಂತಿರುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಬಿಗಿಯಲ್ಲೇ ನಿಲ್ಲಬೇಕು. ಅದು ಎಲ್ಲಿ ನಿಲ್ಲುತ್ತದೋ ಅದರ ಮೇಲೆ ಇಡೀ ದನಿ. ನಾನು ಹಳೆಯ ಗುರುತು ನೋಡಿ, ಅಳತೆ ಹಿಡಿದು, ಅದನ್ನು ಇದ್ದಲ್ಲೇ ನಿಲ್ಲಿಸಿದೆ. ತಂತಿ ಏರಿಸಿದೆ. ಅಕ್ಕ ಬಂದು ನುಡಿಸಿದಳು. ಕಂಬಳಿ ಹೋಗಿತ್ತು. ಅವಳ ಕಣ್ಣು ತುಂಬಿತು. ಆದರೂ ಒಂದು ಗಳಿಗೆ ತಲೆ ವಾರೆ ಮಾಡಿ ಕೂತಳು.

"ಸರಿಯಾಗಿದೆಯಾ?" ಎಂದೆ.

"ಸರಿಯಾಗಿದೆ ಅನ್ಸುತ್ತೆ. ನನ್ನ ಬೆರಳು ಮೆತ್ತಗಾಗಿದೆ, ಅದಕ್ಕಿರಬೇಕು."

ಅದಕ್ಕೇ ಇರಬೇಕು ಎಂದು ನಾನೂ ಒಪ್ಪಿಕೊಂಡೆ. ಏಳು ವಾರ ಇನ್ನೊಬ್ಬರ ಬುದ್ಧಿಗೇಡಿತನವನ್ನು ಒರೆಸುತ್ತ ಕೂತವನಿಗೆ ತನ್ನದೂ ಸ್ವಲ್ಪ ಇರಬಹುದು ಎನ್ನುವುದು ಮರೆತುಹೋಗಿರುತ್ತದೆ.

ಕಚೇರಿಯ ದಿನ ಬೆಳಿಗ್ಗೆ ನಾನು ಮತ್ತೆ ಪಕ್ಕದ ಪರದೆಯ ಹಿಂದೆ ನಿಂತೆ. ಅಕ್ಕ ಕೇಳಿಕೊಂಡಿದ್ದರಿಂದ ಉಪಕರಣದ ಚೀಲ ಜೊತೆಯಲ್ಲಿತ್ತು. ಮೇಡಂ ಮಕ್ಕಳಿಗೆ ವಿವರಿಸಿದರು: "ಜಿರಾಫೆ ಇವತ್ತು ಬಟ್ಟೆ ಬದಲಾಯಿಸಿದೆ!" ಅಕ್ಕ ನುಡಿಸಲು ಶುರು ಮಾಡಿದಳು. ಹಿರಿಯರು ಎದ್ದು ಬಂದರು ಎಂದೇ ನನಗೆ ಅನ್ನಿಸಿತು. ಮೊದಲ ಭಾಗ ಮುಗಿಯಿತು. ಮೇಡಂ ಮೈಕು ಎತ್ತುವ ಮೊದಲೇ ಅಕ್ಕ ಮುಂದಿನ ಸಾಲಿಗೆ ಬಾಗಿದಳು. ಆ ಹುಡುಗಿ ಅಲ್ಲೇ ಕೂತಿದ್ದಳು. ಒಂದು ಹಲ್ಲು ಅರ್ಧ ಬಂದಿತ್ತು.

"ಏನಮ್ಮಾ, ನೆಗಡಿ ಹೋಯ್ತಾ?"

ಹುಡುಗಿ ಯೋಚನೆ ಮಾಡಿದಳು. "ನೆಗಡಿ ಹೋಗಿದೆ. ಮೂಗು ಇನ್ನೂ ಸ್ವಲ್ಪ ಕಟ್ಟಿದೆ."

ನಾನು ನಕ್ಕೆ. ಹಲ್ಲು ಬೆಳೆಯದ ಮಗುವಿಗೆ ಏನು ಗೊತ್ತು ಎಂಬ ನಗು. ಮೇಡಂ ನಗುವ ನಗುವೇ ಅದು ಎಂದು ಆಮೇಲೆ ಹೊಳೆಯಿತು.

ಅಕ್ಕ ನಗಲಿಲ್ಲ. "ಎಲ್ಲಿ ಕಟ್ಟಿದೆ? ನಾನು ಒಂದೊಂದೇ ನುಡಿಸ್ತೀನಿ, ಹೇಳು," ಎಂದಳು. ದಪ್ಪ ತಂತಿಯಿಂದ ಶುರು ಮಾಡಿದಳು. ಒಂದು. ಹುಡುಗಿ ತಲೆಯಾಡಿಸಿದಳು, ಇದಲ್ಲ. ಎರಡು. ಇದಲ್ಲ. ಮೂರು. "ಇದು!" ಎಂದಳು ಹುಡುಗಿ. ಹಿಂದಿನ ಸಾಲಿನಿಂದ ಇನ್ನೂ ಯಾರೋ "ಹೌದು, ಇದು," ಎಂದರು. ಅಕ್ಕ ಅದನ್ನು ಮತ್ತೆ ಎಳೆದು ಪರದೆಯ ಕಡೆ ತಿರುಗಿದಳು. ನನಗೆ ಆಗ ಕೇಳಿಸಿತು. ಕಡ್ಡಿ ಒಂದು ಕೂದಲೆಳೆ ಆಚೆ ನಿಂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಅಕ್ಕನ ಬೆರಳೇ ಮೆತ್ತಗೆ ಎಂದು ಒಪ್ಪಿಕೊಂಡಿದ್ದೆ.

"ಬಾರೋ ಈಚೆ," ಎಂದಳು ಅಕ್ಕ. "ಚೀಲ ತಗೊಂಡು ಬಾ."

ವೇದಿಕೆಯ ಮೇಲೆ ಮೇಜು ಹಾಕಿಸಿ, ನನ್ನ ಕೋಟು ಹಾಸಿ, ಚೆಲ್ಲೋ ಮಲಗಿಸಿದೆ. ತಂತಿ ಸ್ವಲ್ಪ ಸಡಿಲಿಸಿದೆ. ಹಾವಿನ ಹಾಗೆ ಬಳುಕಿದ ಉಕ್ಕಿನ ಸಲಾಕೆಯನ್ನು ಸೀಳುಗಂಡಿಯೊಳಗೆ ಇಳಿಸಿದೆ. "ಏನ್ಮಾಡ್ತಿದೀರಾ?" ಎಂದು ಯಾವುದೋ ಮಗು ಕೇಳಿತು. "ಒಳಗೆ ಒಂದು ಕಡ್ಡಿ ನಿಂತಿದೆ. ತಪ್ಪು ಜಾಗದಲ್ಲಿ ನಿಲ್ಲಿಸಿಬಿಟ್ಟೆ. ಇಷ್ಟೇ ಇಷ್ಟು ತಳ್ಳಬೇಕು," ಎಂದೆ. "ಬಿದ್ದುಹೋದ್ರೆ?" ಎಂದಿತು ಇನ್ನೊಂದು. "ಬಿದ್ರೆ ಇವತ್ತು ಕಚೇರಿ ಇಲ್ಲ."

ಅಷ್ಟು ಹೇಳಿದ್ದೇ ತಡ, ಮುನ್ನೂರು ಮಕ್ಕಳು ಉಸಿರು ಬಿಗಿಹಿಡಿದವು. ಎಷ್ಟೋ ಕುರ್ಚಿಗಳು ಇದ್ದರೂ ಒಂದೂ ಕಿರುಗುಟ್ಟಲಿಲ್ಲ. ತಳ್ಳಿದೆ, ತಂತಿ ಬಿಗಿ ಮಾಡಿದೆ, ಅಕ್ಕ ಮೂರನೆಯದನ್ನು ಎಳೆದಳು. ಹುಡುಗಿ ತಲೆಯಾಡಿಸಿದಳು, ಇನ್ನೂ ಇಲ್ಲ. ಮತ್ತೆ ಸಡಿಲಿಸಿದೆ. ಈ ನಡುವೆ ನಲವತ್ತು ಸೆಕೆಂಡು ಎಷ್ಟೋ ಸಲ ಆಗಿಹೋಗಿತ್ತು. ಮೇಡಂಗೆ ತಡೆಯಲಾಗಲಿಲ್ಲ. ಗಿಲಕಿ ಆಡಿಸಿದರು.

"ಶ್!" ಎಂದವು ಮಕ್ಕಳು. ಒಂದಲ್ಲ ಎರಡಲ್ಲ, ಇಡೀ ಸಭೆ.

ಮೂರನೆಯ ಸಲ ತಳ್ಳಿದಾಗ ಕಡ್ಡಿ ತನ್ನ ಜಾಗಕ್ಕೆ ಕೂತದ್ದು ನನ್ನ ಬೆರಳಿಗೇ ಗೊತ್ತಾಯಿತು. ಅಕ್ಕ ಎಳೆದಳು. ಮೂವತ್ತೆರಡು ವರ್ಷದಿಂದ ಕೇಳುತ್ತಿದ್ದ ದನಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಮನೆಗೆ ಬಂತು. ಹುಡುಗಿ ಕುರ್ಚಿಗೆ ಒರಗಿ ಕಾಲು ಆಡಿಸತೊಡಗಿದಳು. ಅಕ್ಕ ಎರಡು ನಿಮಿಷದ ಹಾಳೆಯನ್ನು ಮಡಿಸಿಟ್ಟು, ಕತ್ತರಿಸದ ಆರು ನಿಮಿಷವನ್ನೂ ನುಡಿಸಿದಳು. ಯಾರೂ ಅವಳನ್ನು ತಡೆಯಲಿಲ್ಲ. ಗಿಲಕಿ ಚೀಲದೊಳಗೆ ಹೋಗಿತ್ತು.

ಮಕ್ಕಳು ಹೊರಟ ಮೇಲೆ ಅಕ್ಕ ವಾದ್ಯದ ಕೋಣೆಯಲ್ಲಿ ಚೆಲ್ಲೋ ಒರೆಸುತ್ತಿದ್ದಳು. ಹಳದಿ ಅಂಚನ್ನು ಬೆರಳಲ್ಲಿ ತಿಕ್ಕಿ, "ಇದು ಇರ್ಲಿ ಬಿಡು," ಎಂದಳು. "ಮಂಗಳವಾರದ ಅಭ್ಯಾಸಕ್ಕೆ ಬರ್ತೀನಿ ಅಂತ ಹೇಳಿಬಿಟ್ಟಿದೀನಿ."

ಆಗ ಮೇಡಂ ಓಡುತ್ತ ಬಂದರು. ಮುಖ ಕೆಂಪಾಗಿತ್ತು, ಸಂತೋಷಕ್ಕೆ.

"ಮಾಸ್ಟರ್, ಅದ್ಭುತ! ನಾನೇ ಗಡಿಯಾರ ಹಿಡಿದಿದ್ದೆ. ಹನ್ನೊಂದು ನಿಮಿಷ ಒಂದು ಮಗೂನೂ ಅಲ್ಲಾಡ್ಲಿಲ್ಲ! ಇನ್ಮೇಲೆ ಪ್ರತಿ ಕಚೇರಿಯಲ್ಲೂ ಇದನ್ನ ಇಡೋಣ. ನೀವು ಒಂದು ಜೋಕರ್ ಟೋಪಿ ಹಾಕ್ಕೊಂಡ್ರೆ ಇನ್ನೂ ಚೆನ್ನ. ಮೊದಲೇ ಸ್ವಲ್ಪ ಕೆಡಿಸಿ ಇಟ್ಟಿರ್ತೀರಾ?"

ಅಕ್ಕ ಒರೆಸುವುದನ್ನು ನಿಲ್ಲಿಸಿದಳು.

"ಆಗಲಿ ಮೇಡಂ," ಎಂದೆ. "ಆದ್ರೆ ಕೆಡಿಸೋ ಭಾಗ ನೀವೇ ನೋಡ್ಕೊಳ್ಳಿ. ಅದರಲ್ಲಿ ನಿಮ್ಮಷ್ಟು ಕೈ ಪಳಗಿದವರು ಈ ಭವನದಲ್ಲಿ ಇನ್ನೊಬ್ಬರಿಲ್ಲ."

ಅಕ್ಕ ನಗು ತಡೆಯಲು ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಮೇಡಂ ಇದನ್ನೂ ಹೊಗಳಿಕೆಯ ಖಾತೆಗೆ ಹಾಕಿಕೊಂಡರೋ ಏನೋ, ಪುಸ್ತಕ ತೆಗೆದು ನಿಂತಲ್ಲೇ ಬರೆದುಕೊಂಡರು. ಅವರ ಭುಜದ ಮೇಲಿಂದ ನಾನು ಇಣುಕಿದೆ. 'ರಿಪೇರಿ, ಹನ್ನೊಂದು ನಿಮಿಷ' ಎಂದಿತ್ತು. ಒಂದು ಕ್ಷಣ ಪೆನ್ನು ಎತ್ತಿ ಯೋಚಿಸಿದರು. ಆಮೇಲೆ ಹನ್ನೊಂದನ್ನು ಹೊಡೆದುಹಾಕಿ, ಮಕ್ಕಳಿಗೆ ಅಷ್ಟು ಜಾಸ್ತಿಯಾಯಿತು ಎಂದು ತಮ್ಮಲ್ಲೇ ಹೇಳಿಕೊಂಡು, 'ಎರಡು' ಎಂದು ಬರೆದರು.